ಉಪಚುನಾವಣೆಯೂ ಪಕ್ಷಗಳ ಬಲಾಬಲವೂ: ಚಿಕ್ಕಮಗಳೂರು, ೧೯೭೮

೧

ಶಾಸನಸಭೆಯ ಸದಸ್ಯನೊಬ್ಬನು ಮೃತನಾದರೆ, ರಾಜೀನಾಮೆಯನ್ನಿತ್ತರೆ, ಅಥವಾ ಅನರ್ಹನೆಂದು ತೀರ್ಮಾನವಾದರೆ ಅವನ ಸ್ಥಾನವು ತೆರವಾಗುವುದು. ಆ ಒಂದು ಸ್ಥಾನಕ್ಕೆ ಮಾತ್ರ ನಡೆಯುವ ಚುನಾವಣೆಗೆ ಉಪಚುನಾವಣೆಯೆಂದು ಹೆಸರು. ೧೯೫೧ರ ಪ್ರಜಾಪ್ರಾತಿನಿಧ್ಯ ಶಾಸನಕ್ಕೆ ೧೯೯೬ರಲ್ಲಿ ಸೇರಿಸಿದ ವಿಧಿಯ ಪ್ರಕಾರ ಸ್ಥಾನವು ತೆರವಾದ ಆರು ತಿಂಗಳೊಳಗಾಗಿ ಇದು ನಡೆಯತಕ್ಕದ್ದು. ಉಳಿದ ಅವಧಿಯು ಒಂದು ವರ್ಷಕ್ಕಿಂತ ಕಡಿಮೆಯಾಗಿದ್ದರೆ ನಡೆಯಲೇಬೇಕೆಂಬ ನಿಯಮವಿಲ್ಲ. ಶಾಸನದ ದೃಷ್ಟಿಯಿಂದ ನೋಡಿದರೆ ಇದು ಅಲ್ಪಕಾರ್ಯವೇ ಸರಿ. ಮಾಡಿನಲ್ಲಿ ಒಡೆದ ಹೆಂಚೊಂದನ್ನು ತೆಗೆದು ಬೇರೊಂದನ್ನು ಹೊದಿಸಿದಂತೆ.

ಆದರೆ ರಾಜಕೀಯ ಚರಿತ್ರೆಯನ್ನು ಬರೆಯುವವರು ಈ ಅಲ್ಪಕಾರ್ಯಕ್ಕೆ ದೊಡ್ಡ ಅರ್ಥವನ್ನು ಹೇಳುವರು. ಇಂತಹ ಊರಿನ ಉಪಚುನಾವಣೆಯಲ್ಲಿ ಇಂತಹ ಪಕ್ಷವು ಸೋತಿತು, ಆದುದರಿಂದ ದೇಶದಲ್ಲೆಲ್ಲ ಆ ಪಕ್ಷದ ದೆಸೆಯು ಇಳಿಯತೊಡಗಿತ್ತು ಎಂಬ ವಾಕ್ಯವನ್ನು ನಾವು ಅನೇಕ ಗ್ರಂಥಗಳಲ್ಲಿ ಓದುತ್ತೇವೆ. ಈ ವಾಕ್ಯದ ಹಿಂದಿರುವ ಯುಕ್ತಿಯು ನಮ್ಮ ಶಾಸ್ತ್ರಕಾರರು ಹೇಳುವ ಸ್ಥಾಲೀಪುಲಾಕನ್ಯಾಯವೇ ಆಗಿದೆ. ಪಾತ್ರೆಯಲ್ಲಿರುವ ಅನ್ನವೆಲ್ಲ ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಉಪಚುನಾವಣೆಯು ಆ ಒಂದು ಅಗುಳು, ದೇಶವು ಪಾತ್ರೆ.

ಈ ನ್ಯಾಯವು ಅಡುಗೆಮನೆಯಲ್ಲಿ ಸಲ್ಲುವುದಕ್ಕೆ ಎರಡು ಕಾರಣಗಳಿವೆ. ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿರುವುವು ಎಂಬುದು ಮೊದಲನೆಯದು. ಎಲ್ಲಕ್ಕೂ ಒಂದೇ ಉರಿಯು ಸಮನಾಗಿ ತಗುಲಿದೆ ಎಂಬುದು ಎರಡನೆಯದು. ಇವೆರಡರಲ್ಲಿ ಯಾವುದೊಂದು ತಪ್ಪಿದರೂ ಒಂದು ಅಗುಳಿನಿಂದ ಉಳಿದವುಗಳನ್ನು ನಿರ್ಣಯಿಸಲಾಗದು. ಉಪಚುನಾವಣೆಗಳಲ್ಲಿ ಈ ಎರಡು ನಿಯಮಗಳು ಎಷ್ಟರಮಟ್ಟಿಗೆ ಸಲ್ಲುವುವು ಎಂಬುದನ್ನು ನಮ್ಮ ನಾಡಿನಲ್ಲಿ ನಡೆದು ಜಗತ್ತೇ ತಿರುಗಿ ನೋಡಿದ ಒಂದು ನಿದರ್ಶನದಿಂದ ಪರೀಕ್ಷಿಸುವುದೇ ಈ ಲೇಖನದ ಉದ್ದೇಶ. ಆ ನಿದರ್ಶನವು ೧೯೭೮ರ ನವಂಬರಿನಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆ.

೨

ಮೊದಲು ಪೂರ್ವಸ್ಥಿತಿಯನ್ನು ತಿಳಿಯಬೇಕು. ತುರ್ತುಪರಿಸ್ಥಿತಿಯ ಕೊನೆಯಲ್ಲಿ, ೧೯೭೭ರ ಮಾರ್ಚಿಯಲ್ಲಿ ಲೋಕಸಭೆಗೆ ಮಹಾಚುನಾವಣೆಯು ನಡೆಯಿತು. ಮೂವತ್ತು ವರ್ಷಗಳಿಂದ ಕೇಂದ್ರದಲ್ಲಿ ಆಳುತ್ತಿದ್ದ ಕಾಂಗ್ರೆಸ್ಸು ೧೫೪ ಸ್ಥಾನಗಳಿಗೆ ಕುಗ್ಗಿ ಅಧಿಕಾರವನ್ನು ಕಳೆದುಕೊಂಡಿತು. ಉತ್ತರಪ್ರದೇಶದ ೮೫ ಸ್ಥಾನಗಳಲ್ಲಿಯೂ ಬಿಹಾರದ ೫೪ ಸ್ಥಾನಗಳಲ್ಲಿಯೂ ಅದಕ್ಕೆ ಒಂದಾದರೂ ದಕ್ಕಲಿಲ್ಲ. ಪ್ರಧಾನಮಂತ್ರಿಯಾಗಿದ್ದ ಶ್ರೀಮತಿ ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ರಾಜನಾರಾಯಣರಿಂದ ಪರಾಜಿತರಾದರು. ಅದೇ ಚುನಾವಣೆಯಲ್ಲಿ ಕರ್ನಾಟಕವು ೨೮ ಸ್ಥಾನಗಳ ಪೈಕಿ ೨೬ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಚಿಕ್ಕಮಗಳೂರು ಆ ೨೬ರಲ್ಲಿ ಒಂದು. ಅಲ್ಲಿ ಗೆದ್ದವರು ಡಿ. ಬಿ. ಚಂದ್ರೇಗೌಡರು.

ಮರುವರ್ಷದ ಆದಿಯಲ್ಲಿ ಕಾಂಗ್ರೆಸ್ಸು ಒಡೆಯಿತು. ಒಂದು ಭಾಗವು ಕಾಸು ಬ್ರಹ್ಮಾನಂದ ರೆಡ್ಡಿಯವರ ಅಧ್ಯಕ್ಷತೆಯಲ್ಲಿ ಉಳಿಯಿತು. ಇನ್ನೊಂದು ಭಾಗವು ಇಂದಿರಾ ಗಾಂಧಿಯವರನ್ನು ಅನುಸರಿಸಿತು. ಕರ್ನಾಟಕದಲ್ಲಿ ದೇವರಾಜ ಅರಸು ಅವರು ಎರಡನೆಯ ಭಾಗವನ್ನು ಸೇರಿದರು. ೧೯೭೮ರ ಫೆಬ್ರವರಿಯಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಅವರ ಪಕ್ಷವು ೨೨೪ ಸ್ಥಾನಗಳಲ್ಲಿ ೧೪೯ನ್ನು ಗೆದ್ದಿತು. ಜನತಾ ಪಕ್ಷಕ್ಕೆ ೫೯ ಬಂದುವು. ರೆಡ್ಡಿಯವರ ಕಾಂಗ್ರೆಸ್ಸು ಹೆಸರಿಗೆ ಮಾತ್ರ ಉಳಿಯಿತು. ಅಂದರೆ ಉಪಚುನಾವಣೆಗೆ ಒಂಬತ್ತು ತಿಂಗಳು ಮೊದಲೇ ಈ ನಾಡಿನ ಮತದಾರರು ತಮ್ಮ ಅಭಿಪ್ರಾಯವನ್ನು ಸಂಶಯಕ್ಕೆಡೆಯಿಲ್ಲದಂತೆ ಹೇಳಿದ್ದರು.

ಹೀಗಿರಲು ಚಂದ್ರೇಗೌಡರು ರಾಜೀನಾಮೆಯನ್ನಿತ್ತು ಸ್ಥಾನವನ್ನು ತೆರವುಮಾಡಿದರು. ಇಂದಿರಾ ಗಾಂಧಿಯವರು ಅಲ್ಲಿ ಅಭ್ಯರ್ಥಿಯಾದರು. ಜನತಾ ಪಕ್ಷವು ೧೯೬೮ರಿಂದ ೧೯೭೧ರ ವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ವೀರೇಂದ್ರ ಪಾಟೀಲರನ್ನು ನಿಲ್ಲಿಸಿತು. ಒಬ್ಬರು ಗಂಗಾತೀರದವರು, ಮತ್ತೊಬ್ಬರು ಕಲಬುರಗಿಯ ಕಡೆಯವರು. ಇಬ್ಬರಿಗೂ ಮಲೆನಾಡು ಹೊಸ ನೆಲವೇ. ಕೇಂದ್ರದ ಮಂತ್ರಿಗಳೂ ದೇಶವಿದೇಶಗಳ ವರದಿಗಾರರೂ ಕಾಫಿಯ ತೋಟಗಳ ನಡುವಿನ ದಾರಿಗಳಲ್ಲಿ ಸಂಚರಿಸಿದರು. ಜಾರ್ಜ್ ಫರ್ನಾಂಡಿಸರು ಜನತಾ ಪಕ್ಷದ ಪರವಾಗಿ ಪ್ರಚಾರವನ್ನು ನಡೆಸಿದರು. ಎದುರುಕಡೆಯ ಪ್ರಚಾರದ ಭಾರವನ್ನು ಮುಖ್ಯಮಂತ್ರಿ ಅರಸು ಅವರೇ ಹೊತ್ತರು. ನವಂಬರು ೫ರಂದು ಮತದಾನವಾಯಿತು. ಇಂದಿರಾ ಗಾಂಧಿಯವರಿಗೆ ೨,೪೯,೩೭೬ ಮತಗಳೂ ವೀರೇಂದ್ರ ಪಾಟೀಲರಿಗೆ ೧,೭೨,೦೪೩ ಮತಗಳೂ ಬಂದುವು, ಅಂತರವು ೭೭,೩೩೩.

೩

ಈ ಫಲಿತಾಂಶವನ್ನು ಇಂದಿರಾ ಗಾಂಧಿಯವರ ಪುನರುತ್ಥಾನದ ಮೊದಲನೆಯ ಮೆಟ್ಟಿಲೆಂದು ಹೇಳುವುದು ವಾಡಿಕೆಯಾಗಿದೆ. ೧೯೮೦ರ ಜನವರಿಯಲ್ಲಿ ಅವರ ಪಕ್ಷವು ಲೋಕಸಭೆಯಲ್ಲಿ ೩೫೩ ಸ್ಥಾನಗಳನ್ನು ಗೆದ್ದು ಅಧಿಕಾರಕ್ಕೆ ಮರಳಿತಷ್ಟೆ. ಅದರ ಮುನ್ಸೂಚನೆಯು ಚಿಕ್ಕಮಗಳೂರಿನಲ್ಲಿಯೇ ಕಂಡಿತ್ತೆಂಬುದು ಪೂರ್ವಪಕ್ಷ.

ವಿಚಾರಿಸಿ ನೋಡಿದರೆ ಈ ಮಾತು ನಿಲ್ಲುವಂತೆ ತೋರುವುದಿಲ್ಲ. ಮುನ್ಸೂಚನೆಯೆಂದರೆ ಹಿಂದೆ ಇಲ್ಲದ ಒಂದು ಬದಲಾವಣೆಯು ಕಾಣಬೇಕು. ಚಿಕ್ಕಮಗಳೂರಿನಲ್ಲಿ ೧೯೭೭ರಲ್ಲಿಯೂ ಕಾಂಗ್ರೆಸ್ಸೇ ಗೆದ್ದಿತ್ತು. ೧೯೭೮ರಲ್ಲಿಯೂ ಇಂದಿರಾ ಪಕ್ಷವೇ ಗೆದ್ದಿತು. ಇಲ್ಲಿ ಬದಲಾದುದು ಅಭ್ಯರ್ಥಿಯ ಹೆಸರು. ಸೋಲದೆ ಇದ್ದ ನೆಲದಲ್ಲಿ ಮತ್ತೆ ಗೆದ್ದುದನ್ನು ಪುನರುತ್ಥಾನವೆಂದು ಕರೆಯುವುದು ಪದದ ಅರ್ಥಕ್ಕೇ ವಿರೋಧವಾದುದು.

ನಿಜವಾದ ಬದಲಾವಣೆಯನ್ನು ನೋಡಬೇಕಾದರೆ ಅದೇ ವರ್ಷದ ಮೇ ತಿಂಗಳಿಗೂ ಉತ್ತರಪ್ರದೇಶದ ಆಜಮಗಢಕ್ಕೂ ಹೋಗಬೇಕು. ೧೯೭೭ರಲ್ಲಿ ಅಲ್ಲಿ ಗೆದ್ದಿದ್ದ ಜನತಾ ಪಕ್ಷದ ರಾಮನರೇಶ ಯಾದವರು ಆ ರಾಜ್ಯದ ಮುಖ್ಯಮಂತ್ರಿಗಳಾದುದರಿಂದ ಸ್ಥಾನವು ತೆರವಾಗಿತ್ತು. ಒಂದು ವರ್ಷದ ಹಿಂದೆ ೮೫ರಲ್ಲಿ ಒಂದನ್ನೂ ಗೆಲ್ಲದಿದ್ದ ಪಕ್ಷವು ಮೊಹಸಿನಾ ಕಿದ್ವಾಯಿಯವರನ್ನು ನಿಲ್ಲಿಸಿ, ಮುಖ್ಯಮಂತ್ರಿಯ ಸ್ವಂತ ಕ್ಷೇತ್ರವನ್ನೇ ಗೆದ್ದುಕೊಂಡಿತು. ಈ ಅಗುಳು ಜನತಾ ಪಕ್ಷದ ಪಾತ್ರೆಯೊಳಗಿನದು. ಅದು ಹೇಳಿದ ಸುದ್ದಿಯು ಹೊಸದು. ಚಿಕ್ಕಮಗಳೂರಿನ ಅಗುಳು ಬೇರೊಂದು ಪಾತ್ರೆಯದು. ಆದರೂ ಗ್ರಂಥಗಳಲ್ಲಿ ಆಜಮಗಢಕ್ಕೆ ಒಂದು ಸಾಲು, ಚಿಕ್ಕಮಗಳೂರಿಗೆ ಹಲವು ಪುಟಗಳು. ಅಭ್ಯರ್ಥಿಯ ಖ್ಯಾತಿಯು ಪ್ರಮಾಣದ ತೂಕವನ್ನು ಹೆಚ್ಚಿಸಿದಂತೆ ಕಾಣುತ್ತದೆ.

೪

ಹಾಗಾದರೆ ಚಿಕ್ಕಮಗಳೂರಿನ ಎರಡೂವರೆ ಲಕ್ಷ ಮತಗಳು ಏನನ್ನು ಹೇಳಿದುವು? ಅವು ಯಾರ ಮತಗಳು? ಈ ಪ್ರಶ್ನೆಗೆ ಆಗ ಇಬ್ಬರು ಉತ್ತರವನ್ನು ಹೇಳಬಹುದಾಗಿತ್ತು.

ಒಂದು ಉತ್ತರವು ಅರಸು ಅವರ ಪಕ್ಷದಲ್ಲಿದೆ. ೧೯೭೨ರಿಂದ ಮುಖ್ಯಮಂತ್ರಿಗಳಾಗಿದ್ದ ಅವರು ೧೯೭೪ರ ತಿದ್ದುಪಡಿಯಿಂದ ಗೇಣಿಪದ್ಧತಿಯನ್ನು ತೆಗೆದುಹಾಕಿ, ಉಳುವವನಿಗೆ ಭೂಮಿಯ ಒಡೆತನವನ್ನು ಕೊಡುವ ಕಾರ್ಯವನ್ನು ಆರಂಭಿಸಿದ್ದರು. ಎಲ್. ಜಿ. ಹಾವನೂರರ ಆಯೋಗವು ೧೯೭೫ರಲ್ಲಿ ಕೊಟ್ಟ ವರದಿಯು ಹಿಂದುಳಿದ ವರ್ಗಗಳಿಗೆ ಶಿಕ್ಷಣ ಮತ್ತು ಉದ್ಯೋಗಗಳ ದಾರಿಯನ್ನು ತೋರಿಸಿತ್ತು. ಉತ್ತರದೇಶವೆಲ್ಲ ಎದ್ದು ಎದುರಾದ ಕಾಲದಲ್ಲಿಯೂ ಕರ್ನಾಟಕವು ಕದಲದಿದ್ದುದಕ್ಕೆ ಇವೇ ಕಾರಣಗಳೆಂದೂ, ಇಂದಿರಾ ಗಾಂಧಿಯವರು ಅರಸು ಅವರ ಮನೆಯ ಅತಿಥಿಯಾಗಿ ಗೆದ್ದರೆಂದೂ ಹೇಳಬಹುದು. ಇನ್ನೊಂದು ಉತ್ತರವು ಇಂದಿರಾ ಗಾಂಧಿಯವರ ಪಕ್ಷದಲ್ಲಿದೆ. ಬಡವರು, ಹೆಂಗಸರು, ತೋಟದ ಕೂಲಿಕಾರರು ಅವರ ಹೆಸರಿಗೇ ಮತವನ್ನು ಕೊಟ್ಟರು. ಮುಖ್ಯಮಂತ್ರಿಯು ನಿಮಿತ್ತಮಾತ್ರ ಎಂದು ಹೇಳಬಹುದು. ಕಾಫಿ ಮೊದಲಾದ ತೋಟದ ಭೂಮಿಗಳಿಗೆ ಭೂಮಿತಿಯ ಶಾಸನದಿಂದ ವಿನಾಯಿತಿಯಿದ್ದುದರಿಂದ, ಈ ಕ್ಷೇತ್ರದ ಮತಗಳನ್ನೆಲ್ಲ ಭೂಸುಧಾರಣೆಯೊಂದರ ಫಲವೆನ್ನಲೂ ಆಗದು.

ಈ ಎರಡರಲ್ಲಿ ಯಾವುದು ಸರಿಯೆಂಬುದನ್ನು ಉಪಚುನಾವಣೆಯು ನಿರ್ಣಯಿಸಲಾರದಾಗಿತ್ತು. ಕಾರಣವನ್ನು ನಿಶ್ಚಯಿಸುವ ಮಾರ್ಗವು ಅನ್ವಯ ಮತ್ತು ವ್ಯತಿರೇಕ. ಇದು ಇದ್ದಲ್ಲಿ ಅದು ಇರುವುದು ಎಂಬುದು ಅನ್ವಯ. ಇದು ಇಲ್ಲದಲ್ಲಿ ಅದೂ ಇಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿದಾಗ ಮಾತ್ರ ಕಾರಣವು ಸಿದ್ಧವಾಗುವುದು. ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರೂ ಇದ್ದರು, ಅರಸು ಅವರೂ ಇದ್ದರು, ಗೆಲವೂ ಇತ್ತು. ಇಬ್ಬರೂ ಒಂದೇ ಕಡೆ ಇದ್ದುದರಿಂದ ಒಬ್ಬರಿಲ್ಲದಾಗ ಏನಾಗುವುದೆಂಬುದು ಕಾಣಲಿಲ್ಲ. ಅನ್ವಯವು ಮಾತ್ರ ದೊರೆಯಿತು, ವ್ಯತಿರೇಕವು ದೊರೆಯಲಿಲ್ಲ.

ಅದು ದೊರೆತುದು ಹದಿನಾಲ್ಕು ತಿಂಗಳ ನಂತರ. ೧೯೭೯ರ ಜೂನಿನಲ್ಲಿ ಇಬ್ಬರಿಗೂ ವಿರಸವುಂಟಾಗಿ ಅರಸು ಅವರು ಪಕ್ಷದಿಂದ ಹೊರಹಾಕಲ್ಪಟ್ಟರು. ಶಾಸಕರಲ್ಲಿ ಬಹುಮಂದಿಯು ಅವರೊಡನೆಯೇ ನಿಂತುದರಿಂದ ಸರ್ಕಾರವು ಬೀಳಲಿಲ್ಲ. ಅವರ ಹೆಸರಿನ ಕಾಂಗ್ರೆಸ್ಸೊಂದು ಪ್ರತ್ಯೇಕವಾಗಿ ಏರ್ಪಟ್ಟಿತು. ೧೯೮೦ರ ಜನವರಿಯ ಮಹಾಚುನಾವಣೆಯಲ್ಲಿ ಇಬ್ಬರೂ ಎದುರೆದುರು ನಿಂತರು. ರಾಜ್ಯದ ೨೮ ಸ್ಥಾನಗಳಲ್ಲಿ ೨೭ ಇಂದಿರಾ ಪಕ್ಷಕ್ಕೆ ಹೋದುವು. ಒಂದು ಜನತಾ ಪಕ್ಷಕ್ಕೆ. ಅರಸು ಅವರ ಪಕ್ಷಕ್ಕೆ ಒಂದೂ ಇಲ್ಲ. ಫಲಿತಾಂಶವು ಬಂದೊಡನೆ ಶಾಸಕರು ಚದರಿದರು. ಅರಸು ಅವರು ರಾಜೀನಾಮೆಯನ್ನಿತ್ತರು. ಜನವರಿ ೧೨ರಂದು ಆರ್. ಗುಂಡೂರಾಯರು ಮುಖ್ಯಮಂತ್ರಿಗಳಾದರು. ಚಿಕ್ಕಮಗಳೂರಿನಲ್ಲಿ ಸೋತ ವೀರೇಂದ್ರ ಪಾಟೀಲರು ಅಷ್ಟುಹೊತ್ತಿಗೆ ಇಂದಿರಾ ಪಕ್ಷವನ್ನೇ ಸೇರಿ, ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿಬಂದು ಕೇಂದ್ರದ ಮಂತ್ರಿಗಳಾದರು. ಗೆಲ್ಲಿಸಿದವರು ಹೊರಗಾದರು, ಸೋತವರು ಒಳಗಾದರು.

ಇದರಿಂದ ಅರಸು ಅವರ ಭೂಸುಧಾರಣೆಯೂ ಹಿಂದುಳಿದವರ ಪರವಾದ ಕಾರ್ಯವೂ ನಿಷ್ಫಲವಾದುವೆಂದು ಹೇಳತಕ್ಕದ್ದಲ್ಲ. ಆ ಕಾರ್ಯದ ಫಲವನ್ನು ಉಂಡ ಮತದಾರನು ಲೋಕಸಭೆಯ ಚುನಾವಣೆಯಲ್ಲಿ ಅದರ ಋಣವನ್ನು ದಿಲ್ಲಿಯ ನಾಯಕಿಯ ಹೆಸರಿನಲ್ಲಿ ತೀರಿಸಿದನು ಎಂಬಷ್ಟೇ ಸಿದ್ಧವಾಗುವುದು. ೧೯೭೭, ೧೯೭೮ರ ಎರಡು ಗೆಲವುಗಳ ಬಲದಿಂದ ಅರಸು ಅವರು ಬೇರೆ ನಿಲ್ಲಬಲ್ಲೆವೆಂದು ಭಾವಿಸಿದ್ದರೆ, ಆ ಗೆಲವುಗಳಲ್ಲಿ ಅಂತಹ ಭಾವನೆಗೆ ಆಧಾರವಿರಲಿಲ್ಲ. ನಾಡಿನ ಸಮಾಜರಚನೆಯನ್ನು ಅಷ್ಟು ಚೆನ್ನಾಗಿ ಬಲ್ಲ ರಾಜಕಾರಣಿಯು ತನ್ನ ಬಲವನ್ನು ತಪ್ಪಾಗಿ ಅಳೆದನೆಂದರೆ, ಅಳತೆಗೋಲಿನಲ್ಲಿಯೇ ದೋಷವಿದ್ದಿತೆಂದು ತಿಳಿಯಬೇಕು.

೫

ಹಾಗೆಂದು ಉಪಚುನಾವಣೆಗಳೆಲ್ಲ ಇಂತಹವೇ ಎಂದು ಹೇಳಬಾರದು. ಅನ್ವಯವ್ಯತಿರೇಕಗಳೆರಡೂ ಒಂದೇ ಚುನಾವಣೆಯಲ್ಲಿ ದೊರೆತ ಉದಾಹರಣೆಗಳೂ ಉಂಟು. ಚಿಕ್ಕಮಗಳೂರಿಗೆ ಐದು ವರ್ಷಗಳ ಹಿಂದೆ ನೆರೆಯ ತಮಿಳುನಾಡಿನಲ್ಲಿ ನಡೆದ ದಿಂಡಿಗಲ್ಲಿನ ಉಪಚುನಾವಣೆಯು ಅವುಗಳಲ್ಲಿ ಪ್ರಸಿದ್ಧವಾದುದು. ದ್ರಾವಿಡ ಮುನ್ನೇತ್ರ ಕಳಗವು ೧೯೭೧ರಲ್ಲಿ ಆ ರಾಜ್ಯದ ವಿಧಾನಸಭೆಯ ೨೩೪ ಸ್ಥಾನಗಳಲ್ಲಿ ೧೮೪ನ್ನು ಗೆದ್ದಿತ್ತು. ಆ ಗೆಲವು ಮುಖ್ಯಮಂತ್ರಿ ಕರುಣಾನಿಧಿಯವರದೊ, ಚಿತ್ರನಟ ಎಂ. ಜಿ. ರಾಮಚಂದ್ರನ್ ಅವರದೊ ಎಂಬ ಪ್ರಶ್ನೆಯು ನಮ್ಮ ಪ್ರಶ್ನೆಯಂತೆಯೇ ಇದ್ದಿತು. ೧೯೭೨ರ ಅಕ್ಟೋಬರಿನಲ್ಲಿ ರಾಮಚಂದ್ರನ್ ಅವರು ಹೊರಬಂದು ಅಣ್ಣಾ ದ್ರಾವಿಡ ಮುನ್ನೇತ್ರ ಕಳಗವನ್ನು ಸ್ಥಾಪಿಸಿದರು. ೧೯೭೩ರ ಮೇ ತಿಂಗಳಿನಲ್ಲಿ ದಿಂಡಿಗಲ್ಲಿನಲ್ಲಿ ಎರಡು ಕಳಗಗಳೂ ಎದುರೆದುರು ನಿಂತಾಗ ಹೊಸ ಪಕ್ಷದ ಮಾಯತೇವರ್ ಅವರು ಗೆದ್ದರು. ಆಳುವ ಪಕ್ಷವು ಮೂರನೆಯ ಸ್ಥಾನಕ್ಕೆ ಇಳಿಯಿತು. ೧೯೭೭ರ ಜೂನಿನ ವಿಧಾನಸಭಾ ಚುನಾವಣೆಯಲ್ಲಿ ಹೊಸ ಪಕ್ಷವು ೧೩೦ ಸ್ಥಾನಗಳನ್ನು ಪಡೆದು ಅಧಿಕಾರಕ್ಕೆ ಬಂದಿತು. ಯಾವ ಎರಡರ ಬಲಾಬಲವನ್ನು ತಿಳಿಯಬೇಕಾಗಿತ್ತೋ ಅವೆರಡೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಬೇರೆ ಬೇರೆಯಾಗಿ ಇದ್ದುದರಿಂದ ತೂಕವು ಸರಿಯಾಯಿತು. ಚಿಕ್ಕಮಗಳೂರಿನಲ್ಲಿ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಿದ್ದರು.

೧೯೬೩ರ ಉದಾಹರಣೆಯು ಇನ್ನೂ ಸೂಕ್ಷ್ಮವಾದುದು. ಹಿಂದಿನ ವರ್ಷದ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸು ಶೇಕಡಾ ೪೫ಕ್ಕಿಂತ ತುಸು ಕಡಿಮೆ ಮತಗಳಿಂದ ೪೯೪ ಸ್ಥಾನಗಳಲ್ಲಿ ೩೬೧ನ್ನು ಗೆದ್ದಿತ್ತು. ವಿರೋಧಪಕ್ಷಗಳು ತಮ್ಮತಮ್ಮೊಳಗೆ ಮತಗಳನ್ನು ಹಂಚಿಕೊಂಡು ಸೋತಿದ್ದುವು. ಚೀನದ ಯುದ್ಧದಿಂದ ಸರ್ಕಾರದ ಘನತೆಯು ಕುಂದಿದ್ದಾಗ, ೧೯೬೩ರ ಮೇ ತಿಂಗಳಿನಲ್ಲಿ ನಡೆದ ಉಪಚುನಾವಣೆಗಳಲ್ಲಿ ಅಮರೋಹದಿಂದ ಆಚಾರ್ಯ ಕೃಪಲಾನಿಯವರೂ, ಫರೂಖಾಬಾದಿನಿಂದ ರಾಮಮನೋಹರ ಲೋಹಿಯಾರವರೂ, ರಾಜಕೋಟೆಯಿಂದ ಮೀನೂ ಮಸಾನಿಯವರೂ ಗೆದ್ದುಬಂದರು. ಅದೇ ಸಮಯದಲ್ಲಿ ಜೌನಪುರದಲ್ಲಿ ಜನಸಂಘದ ದೀನದಯಾಳ ಉಪಾಧ್ಯಾಯರು ಸೋತರು. ಒಂದುಗೂಡಿದ ಮತಗಳು ಕಾಂಗ್ರೆಸ್ಸನ್ನು ಸೋಲಿಸಬಲ್ಲುವೆಂಬುದನ್ನು ಮೂರು ಕ್ಷೇತ್ರಗಳು ತೋರಿಸಿದುವು. ಎಲ್ಲ ಕಡೆಯೂ ಹಾಗಾಗುವುದಿಲ್ಲವೆಂಬುದನ್ನು ನಾಲ್ಕನೆಯದು ತೋರಿಸಿತು. ೧೯೬೭ರಲ್ಲಿ ನಡೆದುದೂ ಇದಕ್ಕೆ ಅನುಗುಣವಾಗಿಯೇ ಇದೆ. ಕಾಂಗ್ರೆಸ್ಸಿನ ಮತಪ್ರಮಾಣವು ಶೇಕಡಾ ೪೧ರ ಸಮೀಪಕ್ಕೆ, ಎಂದರೆ ನಾಲ್ಕು ಪಾಲಿನಷ್ಟು ಮಾತ್ರ ಇಳಿಯಿತು. ಸ್ಥಾನಗಳಾದರೋ ೫೨೦ರಲ್ಲಿ ೨೮೩ಕ್ಕೆ ಬಿದ್ದುವು. ಹಲವು ರಾಜ್ಯಗಳು ಅದರ ಕೈತಪ್ಪಿದುವು. ಮತದಾರನು ಬದಲಾದುದಕ್ಕಿಂತ ವಿರೋಧಿಗಳ ನಡತೆಯು ಬದಲಾದುದು ಹೆಚ್ಚು. ೧೯೬೩ರ ಫಲಿತಾಂಶಗಳನ್ನು ಕಾಂಗ್ರೆಸ್ಸಿನ ಬಲಹೀನತೆಯ ಗುರುತೆಂದು ಓದುವುದಕ್ಕಿಂತ ವಿರೋಧಿಗಳ ಐಕಮತ್ಯದ ಪ್ರಥಮ ಪರೀಕ್ಷೆಯೆಂದು ಓದುವುದೇ ಯುಕ್ತ.

೬

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಚಿಕ್ಕಮಗಳೂರಿನ ಗೆಲವು ಮತದಾರರ ಬದಲಾವಣೆಯನ್ನು ತೋರಿಸದಿದ್ದರೂ ಮುಂದಿನ ಘಟನೆಗಳಿಗೆ ಅದು ಕಾರಣವಾಗಲಿಲ್ಲವೆ? ಅದಿಲ್ಲದೆ ಇಂದಿರಾ ಗಾಂಧಿಯವರು ಲೋಕಸಭೆಯನ್ನು ಪ್ರವೇಶಿಸುತ್ತಿದ್ದರೆ?

ಇದಕ್ಕೆ ಸಮಾಧಾನವು ಹೀಗೆ. ಹೇತುವು ಎರಡು ಬಗೆ: ಜ್ಞಾಪಕ, ಕಾರಕ. ಹೊಗೆಯು ಬೆಂಕಿಯಿರುವುದನ್ನು ತಿಳಿಸುತ್ತದೆ, ಹುಟ್ಟಿಸುವುದಿಲ್ಲ. ಆದುದರಿಂದ ಅದು ಜ್ಞಾಪಕಹೇತು. ಕುಂಬಾರನು ಮಡಕೆಯನ್ನು ಹುಟ್ಟಿಸುತ್ತಾನೆ, ಅವನು ಕಾರಕಹೇತು. ಉಪಚುನಾವಣೆಯನ್ನು ಜ್ಞಾಪಕವೆಂದು ಹೇಳುವವರು ಅನೇಕ ವೇಳೆ ಅದು ಕಾರಕವಾಗಿ ಮಾಡಿದ ಕೆಲಸವನ್ನೇ ಸಾಕ್ಷ್ಯವಾಗಿ ಕೊಡುವರು. ೧೯೬೩ರ ಮೂರು ಸೋಲುಗಳ ತರುವಾಯ ಕೃಪಲಾನಿಯವರು ಆಗಸ್ಟಿನಲ್ಲಿ ಸ್ವತಂತ್ರ ಭಾರತದ ಮೊದಲನೆಯ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಅದು ೬೨ಕ್ಕೆ ಎದುರಾಗಿ ೩೪೭ ಮತಗಳಿಂದ ಬಿದ್ದಿತು. ಅದೇ ತಿಂಗಳಿನಲ್ಲಿ ಹಿರಿಯ ಮಂತ್ರಿಗಳು ಪದವಿಯನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಹೋಗುವ ಕಾಮರಾಜ ಯೋಜನೆಯು ಜಾರಿಗೆ ಬಂದಿತು. ಇವು ಉಪಚುನಾವಣೆಗಳು ನಾಯಕರ ಮನಸ್ಸಿನಲ್ಲಿ ಹುಟ್ಟಿಸಿದ ಕಾರ್ಯಗಳು. ೨೦೧೯ರ ಡಿಸೆಂಬರಿನಲ್ಲಿ ಕರ್ನಾಟಕದ ೧೫ ವಿಧಾನಸಭಾ ಕ್ಷೇತ್ರಗಳಲ್ಲಿ ಉಪಚುನಾವಣೆಯು ನಡೆದು ೧೨ರಲ್ಲಿ ಭಾರತೀಯ ಜನತಾ ಪಕ್ಷವು ಗೆದ್ದುದರಿಂದ ಯಡಿಯೂರಪ್ಪನವರ ಸರ್ಕಾರಕ್ಕೆ ಬಹುಮತವು ಸ್ಥಿರವಾಯಿತು. ಕಾರಕವಾಗಿ ಅದರ ಬಲವು ನಿಸ್ಸಂದೇಹವಾದುದು. ಜ್ಞಾಪಕವೆಂದು ನೆಚ್ಚಿದವರಿಗೆ ೨೦೨೩ರಲ್ಲಿ ಕಾಂಗ್ರೆಸ್ಸಿಗೆ ೧೩೫, ಆ ಪಕ್ಷಕ್ಕೆ ೬೬ ಎಂಬ ಫಲಿತಾಂಶವು ಉತ್ತರವನ್ನು ಹೇಳಿತು.

ಚಿಕ್ಕಮಗಳೂರಿನ ಗೆಲವಿನ ಕಾರಕಶಕ್ತಿಯಾದರೂ ವಿಚಿತ್ರವಾದುದು. ಲೋಕಸಭೆಯನ್ನು ಸೇರಿದ ಇಂದಿರಾ ಗಾಂಧಿಯವರನ್ನು ಹಕ್ಕುಚ್ಯುತಿಯ ಆರೋಪದ ಮೇಲೆ ಆ ಸಭೆಯು ೧೯೭೮ರ ಡಿಸೆಂಬರು ೧೯ರಂದು ಹೊರಹಾಕಿ, ಅಧಿವೇಶನದ ಕೊನೆಯವರೆಗೆ ಸೆರೆಮನೆಗೂ ಕಳುಹಿಸಿತು. ಫಲಿತಾಂಶವು ಬಂದು ಆರು ವಾರಗಳು ತುಂಬುವುದರೊಳಗಾಗಿ, ಎರಡೂವರೆ ಲಕ್ಷ ಜನರು ಆರಿಸಿದ ಪ್ರತಿನಿಧಿಯು ಇಲ್ಲವಾದರು. ೧೯೮೧ರಲ್ಲಿ ಮುಂದಿನ ಲೋಕಸಭೆಯು ಆ ನಿರ್ಣಯವನ್ನು ರದ್ದುಪಡಿಸಿತು. ಆದರೆ ಕ್ಷೇತ್ರದ ಜನರು ಕಳೆದುಕೊಂಡ ಪ್ರಾತಿನಿಧ್ಯವು ರದ್ದತಿಯಿಂದ ಮರಳಿ ಬರುವಂತಹುದಲ್ಲ. ೧೯೮೦ರಲ್ಲಿ ಇಂದಿರಾ ಗಾಂಧಿಯವರು ರಾಯಬರೇಲಿ ಮತ್ತು ಆಂಧ್ರದ ಮೇದಕಗಳಲ್ಲಿ ನಿಂತು ಗೆದ್ದು ಮೇದಕವನ್ನು ಉಳಿಸಿಕೊಂಡರು, ಚಿಕ್ಕಮಗಳೂರಿಗೆ ಮರಳಲಿಲ್ಲ. ಆ ಮಹಾಚುನಾವಣೆಯು ಅವಧಿಗೆ ಮೊದಲೇ ನಡೆಯಲು ಕಾರಣವು ೧೯೭೯ರ ಜುಲೈಯಲ್ಲಿ ಜನತಾ ಪಕ್ಷವು ತನ್ನೊಳಗೇ ಒಡೆದು ಮುರಾರ್ಜಿ ದೇಸಾಯಿಯವರ ಸರ್ಕಾರವು ಬಿದ್ದುದು, ಮಲೆನಾಡಿನ ಮತಪೆಟ್ಟಿಗೆಯಲ್ಲ.

೭

ಅದೇ ಸೀಮೆಯು ಇನ್ನೊಂದು ಪಾಠವನ್ನೂ ಕೊಟ್ಟಿದೆ. ಕ್ಷೇತ್ರಗಳ ಪುನರ್ವಿಂಗಡಣೆಯಾದ ಮೇಲೆ, ೨೦೦೯ರ ಚುನಾವಣೆಯಿಂದ, ಅದಕ್ಕೆ ಉಡುಪಿ ಚಿಕ್ಕಮಗಳೂರು ಎಂಬ ಹೆಸರಾಯಿತು. ಅಲ್ಲಿನ ಸದಸ್ಯರಾಗಿದ್ದ ಭಾರತೀಯ ಜನತಾ ಪಕ್ಷದ ಡಿ. ವಿ. ಸದಾನಂದ ಗೌಡರು ಮುಖ್ಯಮಂತ್ರಿಗಳಾದುದರಿಂದ ೨೦೧೨ರ ಮಾರ್ಚಿಯಲ್ಲಿ ಉಪಚುನಾವಣೆಯು ನಡೆದು ಕಾಂಗ್ರೆಸ್ಸಿನ ಕೆ. ಜಯಪ್ರಕಾಶ ಹೆಗ್ಡೆಯವರು ಗೆದ್ದರು. ೨೦೧೩ರ ಮೇ ತಿಂಗಳಿನಲ್ಲಿ ಕಾಂಗ್ರೆಸ್ಸು ೧೨೨ ಸ್ಥಾನಗಳನ್ನು ಪಡೆದು ರಾಜ್ಯದಲ್ಲಿ ಅಧಿಕಾರಕ್ಕೆ ಬಂದಿತು, ಶಕುನವು ಫಲಿಸಿತು. ೨೦೧೪ರ ಮೇ ತಿಂಗಳಿನಲ್ಲಿ ಅದೇ ಕ್ಷೇತ್ರವನ್ನು ಭಾರತೀಯ ಜನತಾ ಪಕ್ಷದ ಶೋಭಾ ಕರಂದ್ಲಾಜೆಯವರು ಗೆದ್ದರು, ಶಕುನವು ಸುಳ್ಳಾಯಿತು. ೨೦೧೨ರಲ್ಲಿ ಆ ಪಕ್ಷದೊಳಗೆ ಕಲಹವಿದ್ದಿತು. ೨೦೧೨ರ ಕೊನೆಯಲ್ಲಿ ಯಡಿಯೂರಪ್ಪನವರು ಬೇರೆ ಪಕ್ಷವನ್ನು ಕಟ್ಟಿದರು. ೨೦೧೪ರ ಆದಿಯಲ್ಲಿ ಮರಳಿ ಬಂದು ಕೂಡಿಕೊಂಡರು. ಉಪಚುನಾವಣೆಯು ತೋರಿಸಿದುದು ಆ ಮನೆಯ ಬಿರುಕನ್ನು. ಬಿರುಕಿದ್ದವರೆಗೆ ಅದರ ಸಾಕ್ಷ್ಯವು ಸರಿಯಾಗಿತ್ತು; ಬಿರುಕು ಮುಚ್ಚಿದೊಡನೆ ಸಾಕ್ಷ್ಯದ ಅವಧಿಯೂ ಮುಗಿಯಿತು.

ಈ ನಿದರ್ಶನಗಳಿಂದ ಸಿದ್ಧವಾಗುವುದೇನೆಂದರೆ: ಉಪಚುನಾವಣೆಯು ಮತದಾರನ ಮುಂದಿನ ನಡೆಯನ್ನು ಹೇಳುವುದಕ್ಕಿಂತ ಪಕ್ಷಗಳ ಅಂದಿನ ರಚನೆಯನ್ನು ಹೇಳುತ್ತದೆ, ಯಾರು ಯಾರೊಡನೆ ಕೂಡಿದ್ದಾರೆ, ಯಾರು ಯಾರಿಂದ ಅಗಲಿದ್ದಾರೆ ಎಂಬುದನ್ನು ಹೇಳುತ್ತದೆ. ಆದುದರಿಂದ ಅದನ್ನು ಪ್ರಮಾಣವಾಗಿ ಬಳಸುವ ಚರಿತ್ರಕಾರನು ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಆ ನೆಲವು ಹಿಂದೆ ಯಾರದಾಗಿತ್ತು? ಯಾವ ಎರಡು ಶಕ್ತಿಗಳನ್ನು ಅಳೆಯಬೇಕೆಂದಿರುವೆವೋ ಅವು ಎದುರೆದುರು ನಿಂತಿದ್ದುವೆ, ಒಂದೇ ಕಡೆ ಇದ್ದುವೆ? ಮುಂದೆ ನಡೆದುದನ್ನು ಆ ಚುನಾವಣೆಯು ಸೂಚಿಸಿತೆ, ತಾನೇ ಉಂಟುಮಾಡಿತೆ?

ಈ ಪ್ರಶ್ನೆಗಳು ವಿದ್ವಾಂಸರಿಗೆ ಮಾತ್ರ ಬೇಕಾದುವಲ್ಲ. ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಚಿಕ್ಕಮಗಳೂರಿನ ಪ್ರಸಂಗವನ್ನು ಹೇಳುವ ಉಪಾಧ್ಯಾಯರು ಅದನ್ನು ಒಬ್ಬ ನಾಯಕಿಯ ಕಥೆಯಾಗಿ ಹೇಳಿ ಮುಗಿಸುವುದುಂಟು. ಅದೇ ಪಾಠದಲ್ಲಿ ೨,೪೯,೩೭೬ ಜನರ ಮತವೂ, ಎದುರಾಗಿ ಬಂದ ೧,೭೨,೦೪೩ ಜನರ ಮತವೂ, ಆರು ವಾರಗಳಲ್ಲಿ ಬರಿದಾದ ಅವರ ಲೋಕಸಭಾ ಸ್ಥಾನವೂ ಸೇರಬೇಕು. ಆ ಮತಗಳನ್ನು ತಮ್ಮದೆಂದು ಎಣಿಸಿದವರು ಹಲವರು. ಹಾಕಿದವರು ಆ ಕ್ಷೇತ್ರದ ಜನರು.